ಒಂದನೆಯ ತರಗತಿಗೆ ವಿಜ್ಞಾನ ಬೇಡವೇ?

ಮಳೆಗಾಲದಲ್ಲಿ ಘಟಪ್ರಭೆ ದಂಡೆ ಮೀರಿ ಹರಿಯತೊಡಗಿದಾಗ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಸಣ್ಣ ಮಗುವೊಂದು ಸಹಜವಾಗಿ ಕೇಳಬಹುದಾದ ಪ್ರಶ್ನೆ ಇದು: ‘ನಮ್ಮೂರಾಗ ಮಳೀನ ಇಲ್ಲ, ಹೊಳಿ ಯಾಕ ಬಂತು?’ ಉತ್ತರ ಹುಡುಕಲು ಹೊರಟರೆ ಎಷ್ಟೊಂದು ಸಂಗತಿಗಳು ಬಿಚ್ಚಿಕೊಳ್ಳುತ್ತವೆ. ಮಳೆ ಎಲ್ಲ ಕಡೆಯೂ ಒಂದೇ ಸಮನೆ ಬೀಳುವುದಿಲ್ಲ. ಪಶ್ಚಿಮದ ಸಹ್ಯಾದ್ರಿಯಲ್ಲಿ ಧಾರಾಕಾರವಾಗಿ ಸುರಿದದ್ದು ಪೂರ್ವಕ್ಕೆ ಬರುತ್ತಾ ತೆಳುವಾಗುತ್ತದೆ. ನೀರು ಇಳಿಜಾರಿನತ್ತ ಹರಿಯುತ್ತದೆ, ಹರಿಯಲು ಸಮಯ ತೆಗೆದುಕೊಳ್ಳುತ್ತದೆ. ಹಿಡಕಲ್ ಜಲಾಶಯ ತುಂಬಿದ ಮೇಲೆ ಬಂದ ನೀರನ್ನೆಲ್ಲ ಹೊಳೆಗೆ ಬಿಡದೆ ಗತ್ಯಂತರವಿಲ್ಲ. 2019ರ ಆಗಸ್ಟ್‌ನಲ್ಲಿ ಲೋಳಸೂರ ಸೇತುವೆ ಮುಳುಗಿ ಗೋಕಾಕ ನಗರಕ್ಕೇ ನೀರು ನುಗ್ಗಿದ್ದನ್ನು ಇಲ್ಲಿಯ ಎಷ್ಟೋ ಮಕ್ಕಳು ಕಣ್ಣಾರೆ ಕಂಡಿದ್ದಾರೆ. ಅಂಥ ಮಕ್ಕಳಿಗೆ ಶಾಲೆಯಲ್ಲಿ ಸಿಗುವುದು ಬಹುತೇಕ ಜಲಚಕ್ರದ ಅಚ್ಚುಕಟ್ಟಾದ ಒಂದು ಚಿತ್ರ ಮತ್ತು ಅದರ ಕೆಳಗೆ ಕಂಠಪಾಠ ಮಾಡಬೇಕಾದ ನಾಲ್ಕು ಸಾಲು.

ಕಿರಿಯ ಪ್ರಾಥಮಿಕ ಹಂತದಲ್ಲಿ ವಿಜ್ಞಾನ ಕಲಿಸಬೇಕೇ ಎಂದು ಕೇಳಿದರೆ ಬಹಳಷ್ಟು ವಿದ್ಯಾವಂತರು, ‘ಮೊದಲು ಓದು, ಬರಹ, ಮಗ್ಗಿ ಬರಲಿ; ವಿಜ್ಞಾನ ಆರನೆಯ ತರಗತಿಯಿಂದ ಇದ್ದೇ ಇದೆಯಲ್ಲ’ ಎನ್ನುತ್ತಾರೆ. ವಿಜ್ಞಾನವೆಂದರೆ ಮಾಹಿತಿಗಳ ಮೂಟೆ ಎಂದು ಭಾವಿಸಿದರೆ ಈ ಮಾತು ಸರಿಯೇ. ಆದರೆ ಗಮನಿಸುವುದು, ವಿಂಗಡಿಸುವುದು, ಅಳೆಯುವುದು, ಹೀಗಾಗಬಹುದೆಂದು ಮೊದಲೇ ಊಹಿಸಿ ಆಮೇಲೆ ಮಾಡಿ ನೋಡುವುದು, ಊಹೆ ತಪ್ಪಾದರೆ ಯಾಕೆ ತಪ್ಪಾಯಿತೆಂದು ಯೋಚಿಸುವುದು – ಈ ರೂಢಿಗಳು ಆರರಿಂದ ಹತ್ತು ವರ್ಷದೊಳಗೆ ಬೇರೂರಬೇಕು. ಹನ್ನೊಂದನೆಯ ವಯಸ್ಸಿನಲ್ಲಿ ಪ್ರಯೋಗಾಲಯದ ಬಾಗಿಲು ತೆರೆಯುವಷ್ಟರಲ್ಲಿ ಮಗು ಐದು ವರ್ಷ ಇನ್ನೊಂದು ಪಾಠವನ್ನು ಚೆನ್ನಾಗಿ ಕಲಿತಿರುತ್ತದೆ: ಉತ್ತರ ಇರುವುದು ಪುಸ್ತಕದಲ್ಲಿ, ಪ್ರಶ್ನೆ ಕೇಳುವ ಅಧಿಕಾರ ಇರುವುದು ಗುರುಗಳಿಗೆ.

ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಮಾಡಿದ ಪ್ರಯೋಗವೊಂದು ಜಗತ್ಪ್ರಸಿದ್ಧ. ಅಗಲವಾದ ಗಿಡ್ಡ ಪಾತ್ರೆಯ ನೀರನ್ನು ಮಗುವಿನ ಎದುರಿಗೇ ಎತ್ತರದ ಸಪೂರ ಲೋಟಕ್ಕೆ ಸುರಿಯುವುದು. ಐದಾರು ವರ್ಷದ ಮಕ್ಕಳಲ್ಲಿ ಹೆಚ್ಚಿನವರು ಈಗ ನೀರು ಹೆಚ್ಚಾಯಿತು ಎನ್ನುತ್ತಾರೆ. ಹಾಗಲ್ಲವೆಂದು ನಾವು ಎಷ್ಟು ಬೋಧಿಸಿದರೂ ಮಗುವಿನ ನಂಬಿಕೆ ಸುಲಭಕ್ಕೆ ಅಲುಗುವುದಿಲ್ಲ. ಅದೇ ಮಗು ತಂಬಿಗೆಯಿಂದ ಲೋಟಕ್ಕೆ, ಲೋಟದಿಂದ ತಂಬಿಗೆಗೆ ತಾನೇ ಹತ್ತಾರು ಸಲ ಸುರಿಯುತ್ತಾ, ಸುತ್ತಲಿನವರ ಜೊತೆ ವಾದ ಮಾಡುತ್ತಾ, ಒಂದು ದಿನ ತಾನಾಗಿಯೇ ಅಷ್ಟೇ ಇದೆ ಎನ್ನುತ್ತದೆ. ಇದಕ್ಕೆ ಬೇಕಾದ ಉಪಕರಣ ಬಿಸಿಯೂಟದ ಅಡುಗೆಕೋಣೆಯಲ್ಲಿಯೇ ಇದೆ. ಇಲ್ಲದಿರುವುದು ಆ ಹತ್ತಾರು ಸಲಕ್ಕೆ ಬೇಕಾದ ಸಮಯ.

ಈ ಮೂರು ತಾಲ್ಲೂಕುಗಳನ್ನೇ ಆರಿಸಿಕೊಂಡು ಬರೆಯಲು ಕಾರಣವಿದೆ. ಹಿಂದುಳಿದ ಪ್ರದೇಶಕ್ಕೆ ವಿಜ್ಞಾನವನ್ನು ಹೊರಗಿನಿಂದ ಗಾಡಿಯಲ್ಲಿ ತುಂಬಿಕೊಂಡು ಹೋಗಬೇಕು ಎಂಬ ಭಾವನೆ ರಾಜಧಾನಿಯಲ್ಲಿ ಕುಳಿತವರಲ್ಲಿ ಗಟ್ಟಿಯಾಗಿದೆ. ಗೋಕಾಕ ಸೀಮೆಯಲ್ಲಿ ಸುತ್ತಾಡಿದರೆ ಇದಕ್ಕೆ ವಿರುದ್ಧವಾದ ಚಿತ್ರ ಕಾಣುತ್ತದೆ. ಮೂಡಲಗಿ ಸುತ್ತಿನ ನೀರಾವರಿ ನೆಲದಲ್ಲಿ ಕಬ್ಬಿನ ಜೊತೆಗೆ ಅರಿಶಿನವೂ ಬೆಳೆಯುತ್ತದೆ. ಅರಿಶಿನ ಕಲಸಿದ ನೀರಿಗೆ ಚಿಟಿಕೆ ಸುಣ್ಣ ಬಿದ್ದರೆ ಕೆಂಪಾಗುತ್ತದೆ ಎಂಬುದು ಆರತಿ ತಟ್ಟೆ ಕಂಡ ಪ್ರತಿ ಮಗುವಿಗೂ ಗೊತ್ತು. ಅರಿಶಿನ ಬಳಿದು ಒಣಗಿಸಿದ ಕಾಗದದ ಚೂರನ್ನು ಸಾಬೂನಿನ ನೀರು, ಹುಣಸೆ ರಸ, ವಾಷಿಂಗ್ ಸೋಡಾ, ಮಜ್ಜಿಗೆ, ನಿಂಬೆರಸಗಳಲ್ಲಿ ಅದ್ದಿ ಯಾವುದು ಕೆಂಪು ಮಾಡಿತು, ಯಾವುದು ಮಾಡಲಿಲ್ಲ, ಕೆಂಪಾದದ್ದರ ಮೇಲೆ ನಿಂಬೆ ಹಿಂಡಿದರೆ ಏನಾಯಿತು ಎಂದು ಮೂರನೆಯ ತರಗತಿಯ ಮಕ್ಕಳು ಎರಡು ಪಟ್ಟಿ ಮಾಡಬಲ್ಲರು. ಆಮ್ಲ, ಪ್ರತ್ಯಾಮ್ಲ ಎಂಬ ಹೆಸರುಗಳು ನಾಲ್ಕು ವರ್ಷ ಬಿಟ್ಟು ಬರಲಿ, ಚಿಂತೆಯಿಲ್ಲ. ಬಂದಾಗ ಅವು ಪರಿಚಿತ ಸಂಗತಿಗೆ ಇಟ್ಟ ಹೆಸರುಗಳಾಗಿರುತ್ತವೆ.

ಮಣ್ಣೆತ್ತಿನ ಅಮಾವಾಸ್ಯೆ ಶಾಲೆ ಆರಂಭವಾದ ಹೊಸತರಲ್ಲೇ ಬರುತ್ತದೆ. ಮಕ್ಕಳು ಎರೆಮಣ್ಣು ಕಲಸಿ ಎತ್ತು ಮಾಡುತ್ತಾರೆ. ಎರೆಮಣ್ಣಿನ ಎತ್ತು ಒಣಗಿದಾಗ ಬಿರುಕು ಬಿಡುವುದೇಕೆ? ಮಸಾರಿ ಮಣ್ಣಿನಲ್ಲಿ ಮಾಡಿದರೆ ಹೇಗೆ? ಕಲಸುವಾಗ ತುಸು ಮರಳೋ ಸಗಣಿಯೋ ಸೇರಿಸಿದರೆ? ಒಂದನೆಯ ತರಗತಿಯ ಮಗು ಕೈಯಿಂದಲೇ ಉತ್ತರ ಕಂಡುಕೊಳ್ಳಬಹುದಾದ ಪ್ರಶ್ನೆಗಳಿವು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ ನೋಡಬೇಕು ಎಂಬ ಪ್ರಯೋಗದ ಮೂಲನಿಯಮವೂ ಆಟದಲ್ಲೇ ಅಡಗಿದೆ. ಜೋಳದ ದಂಟಿನ ಬೆಂಡಿನಿಂದ ಗಾಡಿ ಕಟ್ಟುವ ಹುಡುಗರಿಗೆ ತೇಲುವುದು, ಮುಳುಗುವುದು, ಗಾಲಿ, ಅಚ್ಚುಗಳ ಬಗ್ಗೆ ಪೀಠಿಕೆಯೇ ಬೇಕಿಲ್ಲ. ಇನ್ನು ಗೋಕಾಕದ ಮರದ ಹಣ್ಣುಗಳಿವೆಯಲ್ಲ, ಮೇಜಿನ ಮೇಲಿಟ್ಟರೆ ನಿಜವಾದ ಮಾವಿನಕಾಯಿಗೂ ಅದಕ್ಕೂ ವ್ಯತ್ಯಾಸ ತಿಳಿಯದು. ಎರಡನ್ನೂ ಬಕೆಟ್ ನೀರಿಗೆ ಹಾಕುವ ಮುನ್ನ ಏನಾಗುತ್ತದೆಂದು ಕೈ ಎತ್ತಿಸಿ ಲೆಕ್ಕ ಹಾಕಿದರೆ ಸಾಕು, ಆ ದಿನದ ಪಾಠವನ್ನು ಮಕ್ಕಳೇ ನಡೆಸುತ್ತಾರೆ. (ಕರದಂಟನ್ನು ಕೂಡ ಪಟ್ಟಿಗೆ ಸೇರಿಸಬಹುದಿತ್ತು. ಆದರೆ ಆ ಪ್ರಯೋಗದ ಸಾಮಗ್ರಿ ಅವಧಿ ಮುಗಿಯುವವರೆಗೆ ಉಳಿಯುವ ಭರವಸೆ ನನಗಿಲ್ಲ.)

ಗೋಕಾಕ ಜಲಪಾತದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲೇ ನೀರಿನಿಂದ ವಿದ್ಯುತ್ ಉತ್ಪಾದನೆ ಆರಂಭವಾಯಿತು. ಹುಕ್ಕೇರಿಯಲ್ಲಿ 1969ರಿಂದ ಗ್ರಾಮೀಣ ವಿದ್ಯುತ್ ಸಹಕಾರ ಸಂಘವೇ ಇದೆ. ಇಂಥ ನೆಲದ ಮಗು ಬೀಳುವ ನೀರಿಗೆ ರಟ್ಟಿನ ಚಕ್ರ ಹಿಡಿದು ತಿರುಗಿಸದೆಯೇ ಐದನೆಯ ತರಗತಿ ಮುಗಿಸುತ್ತದೆ ಎಂಬುದು ವಿಚಿತ್ರವಲ್ಲವೇ?

ಸರ್ಕಾರ ಏನೂ ಮಾಡಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. 1987ರ ‘ಆಪರೇಷನ್ ಬ್ಲ್ಯಾಕ್‌ಬೋರ್ಡ್’ ಯೋಜನೆ ಪ್ರಾಥಮಿಕ ಶಾಲೆಗಳಿಗೆ ಕೊಠಡಿ, ಶಿಕ್ಷಕರ ಜೊತೆಗೆ ವಿಜ್ಞಾನದ ಕಿಟ್ಟನ್ನೂ ಕೊಡಮಾಡಿತು. ತೊಂಬತ್ತರ ದಶಕದ ಮಧ್ಯದಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ ಬಂದಾಗ ರಾಜ್ಯದಲ್ಲಿ ಮೊದಲ ಹಂತಕ್ಕೆ ಆಯ್ಕೆಯಾದ ನಾಲ್ಕು ಜಿಲ್ಲೆಗಳಲ್ಲಿ ಬೆಳಗಾವಿಯೂ ಒಂದು. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಋಷಿವ್ಯಾಲಿಯ ಮಾದರಿಯನ್ನು ಕಂಡು ಬಂದು ರೂಪಿಸಿದ ‘ನಲಿ-ಕಲಿ’ 2009–10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ವಿಸ್ತರಿಸಿತು. ಬೆಂಚು ಬಿಟ್ಟು ನೆಲದ ಮೇಲೆ ಗುಂಪಾಗಿ ಕುಳಿತು, ತಮ್ಮ ವೇಗದಲ್ಲಿ ಕಲಿಯುವ ಈ ಪದ್ಧತಿಯೊಳಗೆ ಪರಿಸರ ಅಧ್ಯಯನಕ್ಕೂ ಜಾಗವಿದೆ. ಎಂದರೆ ಚೌಕಟ್ಟು ಸಿದ್ಧವಾಗಿದೆ.

ಹಾಗಿದ್ದರೆ ತೊಡಕು ಎಲ್ಲಿ? ಆಡಳಿತದಲ್ಲಿ ಸೇವೆ ಸಲ್ಲಿಸಿದ ವರ್ಷಗಳಲ್ಲಿ ನಾನು ತಪಾಸಣೆಗೆಂದು ಹೋದ ಅನೇಕ ಶಾಲೆಗಳಲ್ಲಿ ಮೇಲೆ ಹೇಳಿದ ಕಿಟ್ಟನ್ನು ಕಂಡಿದ್ದೇನೆ. ಮುಖ್ಯೋಪಾಧ್ಯಾಯರ ಕೊಠಡಿಯ ಟ್ರಂಕಿನಲ್ಲಿ, ಬೀಗದೊಳಗೆ, ಎಲ್ಲ ವಸ್ತುಗಳೂ ಕ್ರಮಸಂಖ್ಯೆಯೊಂದಿಗೆ ಭದ್ರ. ಭೂತಗನ್ನಡಿ ಮಕ್ಕಳ ಕೈಗೆ ಹೋದರೆ ಒಡೆಯುತ್ತದೆ. ಒಡೆದರೆ ದಾಸ್ತಾನು ವಹಿಯಲ್ಲಿ ತಾಳೆಯಾಗುವುದಿಲ್ಲ. ತಾಳೆಯಾಗದಿದ್ದರೆ ಲೆಕ್ಕಪರಿಶೋಧನೆಯ ಆಕ್ಷೇಪಣೆ. ವಸೂಲಿ ಆಗುವುದು ಸಂಬಳದಿಂದ. ಈ ಸರಪಳಿ ಗೊತ್ತಿರುವ ಯಾವ ಮುಖ್ಯೋಪಾಧ್ಯಾಯರೂ ಬೀಗ ತೆಗೆಯುವ ಧೈರ್ಯ ಮಾಡಲಾರರು. ಅವರನ್ನು ನಾನು ದೂರುವುದಿಲ್ಲ. ಒಂದು ಮಸೂರ ಒಡೆಯದೆ ಮೂವತ್ತು ಮಕ್ಕಳು ಇರುವೆಯ ಕಾಲು ನೋಡಲಾರರೆಂಬ ಸರಳ ಸತ್ಯಕ್ಕೆ ನಮ್ಮ ಲೆಕ್ಕದ ಪುಸ್ತಕದಲ್ಲಿ ಕಲಂ ಇಲ್ಲ.

ಎರಡನೆಯ ತೊಡಕು ಅಳತೆಯದು. 2021ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ನಿಪುಣ ಭಾರತ’ ಅಭಿಯಾನವು 2026–27ರ ಹೊತ್ತಿಗೆ ಮೂರನೆಯ ತರಗತಿಯ ಪ್ರತಿ ಮಗುವೂ ಓದುವ, ಲೆಕ್ಕ ಮಾಡುವ ಬುನಾದಿ ಸಾಮರ್ಥ್ಯ ಪಡೆಯಬೇಕೆಂಬ ಗುರಿ ಇಟ್ಟುಕೊಂಡಿತು. ಗುರಿಯ ಬಗ್ಗೆ ತಕರಾರಿಲ್ಲ. ಮಗು ತನ್ನ ಪರಿಸರದೊಡನೆ ಸಂಬಂಧ ಬೆಳೆಸಿಕೊಂಡು ಕಲಿಯಬೇಕೆಂಬುದೂ ಆ ದಸ್ತಾವೇಜಿನ ಮೂರು ಆಶಯಗಳಲ್ಲಿ ಒಂದು. ಆದರೆ ಮೇಲಿನವರು ಅಂಕಿಅಂಶ ಕೇಳುವುದು ಓದು ಮತ್ತು ಎಣಿಕೆಯದು ಮಾತ್ರ. ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಹೊಸದಲ್ಲ. ಬೆಂಗ್ಟ್ ಹೋಮ್‌ಸ್ಟ್ರಾಮ್ ಮತ್ತು ಪಾಲ್ ಮಿಲ್‌ಗ್ರಾಮ್ 1991ರ ಪ್ರಬಂಧವೊಂದರಲ್ಲಿ, ಹಲವು ಕೆಲಸ ಮಾಡಬೇಕಾದವನಿಗೆ ಅಳೆಯಬಹುದಾದ ಒಂದೆರಡು ಕೆಲಸಗಳಿಗೆ ಮಾತ್ರ ಪುರಸ್ಕಾರವಿಟ್ಟರೆ ಉಳಿದವು ಸೊರಗುತ್ತವೆಂದು ತೋರಿಸಿದರು. ಅವರು ಎತ್ತಿಕೊಂಡ ಉದಾಹರಣೆಗಳಲ್ಲಿ ಶಾಲಾ ಶಿಕ್ಷಕರದೂ ಒಂದು: ಪರೀಕ್ಷೆಯ ಅಂಕಕ್ಕೆ ಸಂಬಳ ಕಟ್ಟಿದರೆ ಮಕ್ಕಳ ಕುತೂಹಲ ಬೆಳೆಸುವ ಕೆಲಸ ಹಿಂದೆ ಸರಿಯುತ್ತದೆ. ನಾವು ಸಂಬಳ ಕಟ್ಟಿಲ್ಲ ನಿಜ. ನೋಟಿಸು, ಪ್ರಗತಿ ಪರಿಶೀಲನಾ ಸಭೆಗಳಂತೂ ಇವೆ.

ಓದಲು ಬಾರದ ಮಗುವಿಗೆ ವಿಜ್ಞಾನ ಏಕೆ ಎಂಬ ವಾದಕ್ಕೆ ನನ್ನ ಉತ್ತರ ಇಷ್ಟೇ: ನೋಡಿದ್ದರ ಬಗ್ಗೆ ಮಾತಾಡಲು, ಮಾತಾಡಿದ್ದನ್ನು ಬರೆಯಲು ಮಗುವಿಗೆ ಆಸೆಯಿರುತ್ತದೆ. ಮಳೆ ಅಳೆಯಲು ಇಟ್ಟ ನೇರ ಅಂಚಿನ ಡಬ್ಬಿಯಲ್ಲಿ ಇಂದು ಎಷ್ಟು ಮಿಲಿಮೀಟರ್ ನಿಂತಿದೆ ಎಂದು ಪಟ್ಟಿಯಿಂದ ಅಳೆದು ಗೋಡೆಯ ಮೇಲೆ ಬರೆಯುವ ಹುಡುಗಿ ಅಂಕಿಯನ್ನೂ ಅಕ್ಷರವನ್ನೂ ಒಟ್ಟಿಗೇ ಕಲಿಯುತ್ತಿರುತ್ತಾಳೆ. ಹುಕ್ಕೇರಿಯ ಒಂದು ಶಾಲೆ ಹಾಗೂ ಮೂಡಲಗಿಯ ಒಂದು ಶಾಲೆ ಮಳೆಗಾಲವಿಡೀ ತಮ್ಮ ಅಂಕಿಗಳನ್ನು ಫೋನಿನಲ್ಲಿ ವಿನಿಮಯ ಮಾಡಿಕೊಂಡರೆ, ‘ಹೊಳಿ ಯಾಕ ಬಂತು’ ಎಂಬ ಪ್ರಶ್ನೆಗೆ ಅರ್ಧ ಉತ್ತರ ಗೋಡೆಯ ಮೇಲೇ ಮೂಡುತ್ತದೆ.

ಭಾಷೆಯ ಮಾತೂ ಇದೆ. ಗಡಿಯ ಈ ಭಾಗದಲ್ಲಿ ಮನೆಯಲ್ಲಿ ಮರಾಠಿ, ಉರ್ದು ಆಡುವ ಮಕ್ಕಳು ಸಾಕಷ್ಟಿದ್ದಾರೆ. ಕನ್ನಡದ ಮಕ್ಕಳಿಗೂ ಪಠ್ಯದ ಕನ್ನಡ ಅರ್ಧ ಪರಭಾಷೆ. ಬಟ್ಟೆ ‘ಆರಿತು’ ಎಂದು ಗೊತ್ತಿರುವ ಮಗುವಿಗೆ ‘ಬಾಷ್ಪೀಭವನ’ ಎಂದು ಬರೆಸಿದರೆ ಗೊತ್ತಿದ್ದದ್ದೂ ಗೊತ್ತಿಲ್ಲದಂತಾಗುತ್ತದೆ. ಇಂಗ್ಲಿಷ್ ಮಾಧ್ಯಮದ ಶಾಲೆಗಳಲ್ಲಿ ಸ್ಥಿತಿ ಮೇಲೆಂದು ಮಧ್ಯಮ ವರ್ಗದ ನಾವು ಸಮಾಧಾನ ಪಡಬೇಕಿಲ್ಲ. ಅಲ್ಲಿ ಎರಡನೆಯ ತರಗತಿಯ ‘ಪ್ರಾಜೆಕ್ಟ್’ ಎಂಬುದು ತಂದೆ-ತಾಯಿ ರಾತ್ರಿ ಕುಳಿತು ಅಂಟಿಸುವ ಥರ್ಮೋಕೋಲ್ ಜ್ವಾಲಾಮುಖಿ. ಮಗುವಿನ ಪಾಲಿಗೆ ಉಳಿಯುವುದು ಅದನ್ನು ಹೊತ್ತೊಯ್ಯುವ ಕೆಲಸ.

ಹಣದ ಪ್ರಶ್ನೆಗೆ ಬಂದರೆ, 2016ರಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಪ್ರಯೋಗಾಲಯ ಯೋಜನೆಯಡಿ ಆಯ್ಕೆಯಾದ ಶಾಲೆಯೊಂದಕ್ಕೆ 20 ಲಕ್ಷ ರೂಪಾಯಿವರೆಗೆ ಅನುದಾನವಿದೆ. ಅದು ಆರನೆಯ ತರಗತಿಯಿಂದ ಮೇಲಿನವರಿಗೆ. ಇತ್ತ ಸಮಗ್ರ ಶಿಕ್ಷಣದ ಮಾರ್ಗಸೂಚಿಯಂತೆ ನೂರರೊಳಗೆ ಮಕ್ಕಳಿರುವ ಶಾಲೆಗೆ ವರ್ಷದ ಅನುದಾನ ಹೆಚ್ಚೆಂದರೆ 25 ಸಾವಿರ ರೂಪಾಯಿ. ಸುಣ್ಣಬಣ್ಣ, ದುರಸ್ತಿ, ಸೀಮೆಸುಣ್ಣ ಎಲ್ಲವೂ ಅದರಲ್ಲೇ. ನೊಬೆಲ್ ಪುರಸ್ಕೃತ ಜೇಮ್ಸ್ ಹೆಕ್‌ಮನ್ ದಶಕಗಳಿಂದ ಪ್ರತಿಪಾದಿಸುತ್ತಾ ಬಂದಿರುವುದು, ಎಳೆಯ ವಯಸ್ಸಿನ ಮೇಲೆ ಹಾಕಿದ ಹಣವೇ ಸಮಾಜಕ್ಕೆ ಹೆಚ್ಚು ಮರಳಿ ಬರುತ್ತದೆ ಎಂದು. ನಮ್ಮ ಆದ್ಯತೆ ಅದರ ತಲೆಕೆಳಗು. ಪ್ರೌಢಶಾಲೆಯ ಪ್ರಯೋಗಾಲಯ ಬೇಡವೆಂದಲ್ಲ; ಅದರ ಬಾಗಿಲಿಗೆ ಬರುವ ಮಗುವಿನಲ್ಲಿ ಕೇಳುವ ಅಭ್ಯಾಸವೇ ಬತ್ತಿದ್ದರೆ 20 ಲಕ್ಷದ ಯಂತ್ರಗಳ ಗತಿಯೂ ಆ ಟ್ರಂಕಿನದೇ.

ಆಗಬೇಕಾದದ್ದು ದೊಡ್ಡದೇನಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ವಲಯಗಳು. ಉಪನಿರ್ದೇಶಕರ ಒಂದು ಸುತ್ತೋಲೆ ಸಾಕು. ಮಸೂರ, ತಕ್ಕಡಿ, ಲೋಟ, ಆಯಸ್ಕಾಂತಗಳನ್ನು ದಾಸ್ತಾನಿನಿಂದ ತೆಗೆದು ‘ಬಳಕೆಯಿಂದ ಮುಗಿಯುವ ಸಾಮಗ್ರಿ’ ಎಂದು ಬರೆದುಕೊಳ್ಳಲು ಅನುಮತಿ ಕೊಡಬೇಕು. ವಾರಕ್ಕೆ ಎರಡು ಅವಧಿ ಯಾವ ಅಭಿಯಾನವೂ ಕಸಿಯದಂತೆ ಮೀಸಲಿಡಬೇಕು. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಯಲ್ಲಿ ನಮೂನೆ ತುಂಬುವ ಬದಲು ಶಿಕ್ಷಕರು ತಾವೇ ಒಂದು ಪ್ರಯೋಗ ಮಾಡಿ ನೋಡಬೇಕು. ಕಲಾ ವಿಭಾಗದಲ್ಲಿ ಓದಿ ಬಂದ ಎಷ್ಟೋ ಶಿಕ್ಷಕ, ಶಿಕ್ಷಕಿಯರಿಗೆ ಇರುವ ಅಂಜಿಕೆ, ಮಗು ಕೇಳಿದ್ದಕ್ಕೆ ಉತ್ತರ ಗೊತ್ತಿರದಿದ್ದರೆ ಎಂಬುದು. ‘ನನಗೂ ಗೊತ್ತಿಲ್ಲ, ನೋಡೋಣ ಬಾ’ ಎನ್ನುವುದು ಅಪಮಾನವಲ್ಲವೆಂದು ಇಲಾಖೆಯೇ ಹೇಳಬೇಕು. ತಪಾಸಣೆಗೆ ಹೋದ ಅಧಿಕಾರಿ ಮಗುವಿಗೆ ವ್ಯಾಖ್ಯೆ ಕೇಳುವ ಬದಲು ‘ನೀನು ಈ ವಾರ ಏನು ನೋಡಿದೆ?’ ಎಂದು ಕೇಳಬೇಕು.

ಆರಂಭಿಸಲು ದಿನವೂ ಸಿದ್ಧವಿದೆ. ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಈ ಊರುಗಳಲ್ಲಿ ವರ್ಷಕ್ಕೆ ಎರಡು ಬಾರಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ನೇರವಾಗಿ ಬಂದು ನೆಟ್ಟ ಕೋಲಿನ ನೆರಳು ಮಾಯವಾಗುತ್ತದೆ. ಮೇ ಮೊದಲ ವಾರದ್ದು ಬೇಸಿಗೆ ರಜೆಯಲ್ಲಿ ಹೋಗುತ್ತದೆ. ಎರಡನೆಯದು ಆಗಸ್ಟ್ 7–8ರ ಆಸುಪಾಸು, ಶಾಲೆ ನಡೆಯುತ್ತಿರುವಾಗ. ಜುಲೈನಿಂದಲೇ ಅಂಗಳದಲ್ಲಿ ಒಂದು ಕೋಲು ನೆಟ್ಟು, ಬಿಸಿಲಿದ್ದ ದಿನವೆಲ್ಲ ಹನ್ನೆರಡೂವರೆಯ ಸುಮಾರಿಗೆ ನೆರಳಿನ ತುದಿಗೆ ಒಂದು ಕಲ್ಲು ಇಡಿಸಿದರೆ, ನೆರಳು ಒಂದು ಕಡೆಯಿಂದ ಕುಗ್ಗುತ್ತಾ ಬಂದು, ಇಲ್ಲವಾಗಿ, ಮತ್ತೆ ಇನ್ನೊಂದು ಕಡೆಗೆ ಬೆಳೆಯುವುದನ್ನು ಮಕ್ಕಳು ತಾವೇ ಕಾಣುತ್ತಾರೆ. ಆ ದಿನ ಮೋಡ ಮುಸುಕಿದ್ದರೂ ಹಿಂದುಮುಂದಿನ ದಿನಗಳ ಕಲ್ಲುಗಳಿರುತ್ತವೆ. ಬೇಕಾಗುವುದು ಒಂದು ಕೋಲು, ನಾಲ್ಕು ಹಿಡಿ ಕಲ್ಲು.