ವೇದಿಕೆಗೂ ಮೊದಲಿನ ಬರಹ: ಕಿಮ್ ಗಾರ್ಡನ್ ಅವರ ಗದ್ಯವನ್ನು ಕುರಿತು

ಪ್ರದರ್ಶನ ಕಲೆಗಳಲ್ಲಿ ಹೆಸರು ಮಾಡಿದವರು ಲೇಖನಿ ಹಿಡಿದಾಗ ಆ ಬರಹವನ್ನು ಅವರ ಕಲಾಜೀವನದ ಅನುಬಂಧವೆಂದು ಪರಿಗಣಿಸುವುದು ವಿಮರ್ಶೆಯಲ್ಲಿ ರೂಢಿಯಾಗಿದೆ. ಮೊದಲು ಕಲೆ, ಬಳಿಕ ಖ್ಯಾತಿ, ಕೊನೆಗೆ ನೆನಪುಗಳ ದಾಖಲೆ ಎಂಬ ಕ್ರಮವನ್ನು ಈ ರೂಢಿ ಪ್ರಶ್ನಿಸದೆ ಒಪ್ಪಿಕೊಂಡಿರುತ್ತದೆ. ಅಮೆರಿಕದ 'ಸೋನಿಕ್ ಯೂತ್' ರಾಕ್ ತಂಡದಲ್ಲಿ ಬೇಸ್ ಗಿಟಾರ್ ವಾದಕಿಯೂ ಗಾಯಕಿಯೂ ಆಗಿದ್ದ ಕಿಮ್ ಗಾರ್ಡನ್ ಅವರನ್ನು ಸಂಗೀತದಿಂದ ಸಾಹಿತ್ಯಕ್ಕೆ ಬಂದವರೆಂದು ಪರಿಚಯಿಸುವಾಗಲೂ ಇದೇ ಕ್ರಮ ಕೆಲಸ ಮಾಡುತ್ತದೆ. ಅವರ ಬರಹಗಳನ್ನು ಕಾಲಾನುಕ್ರಮದಲ್ಲಿಟ್ಟು ನೋಡಿದರೆ ಈ ಪರಿಚಯ ತಲೆಕೆಳಗಾಗಿದೆ ಎಂಬುದು ಸ್ಪಷ್ಟವಾಗುತ್ತದೆ. ಅವರನ್ನು ಸಂಗೀತಕ್ಕೆ ಕರೆತಂದದ್ದೇ ಬರಹ.

ಗಾರ್ಡನ್ ಅವರು 1953ರಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಜನಿಸಿ ಲಾಸ್ ಏಂಜಲೀಸ್‌ನಲ್ಲಿ ಬೆಳೆದರು. ತಂದೆ ವೇಯ್ನ್ ಗಾರ್ಡನ್ ಸಮಾಜಶಾಸ್ತ್ರಜ್ಞರು. ಪ್ರೌಢಶಾಲೆಯ ವಿದ್ಯಾರ್ಥಿಗಳ ಗುಂಪುಗಳು ಹೇಗೆ ರೂಪುಗೊಳ್ಳುತ್ತವೆ ಎಂಬುದನ್ನು ಕುರಿತ ಅವರ ಗ್ರಂಥ 1957ರಲ್ಲಿ ಪ್ರಕಟವಾಯಿತು. ಮಗಳು ಆರಿಸಿಕೊಂಡದ್ದು ದೃಶ್ಯಕಲೆಯನ್ನು. 1977ರಲ್ಲಿ ಓಟಿಸ್ ಕಲಾಶಾಲೆಯಿಂದ ಪದವಿ ಪಡೆದ ಅವರು 1980ರಲ್ಲಿ ನ್ಯೂಯಾರ್ಕ್ ನಗರಕ್ಕೆ ಬಂದು ನೆಲೆಸಿದರು. ಅದೇ ವರ್ಷ 'ರಿಯಲ್ ಲೈಫ್' ಎಂಬ ಕಲಾಪತ್ರಿಕೆಗೆ ಒಂದು ಲೇಖನ ಬರೆದರು. ರೀಸ್ ಚಾಟಮ್ ಅವರ ಗಿಟಾರ್ ಕಛೇರಿಯನ್ನು ಎದುರಿಗಿಟ್ಟುಕೊಂಡ ಆ ಬರಹ ಸ್ವರಸಂಯೋಜನೆಯ ವಿಮರ್ಶೆಯಲ್ಲ. ವೇದಿಕೆಯ ಮೇಲಿನ ಗಂಡಸರು ವಾದ್ಯಗಳನ್ನು ನೆಪವಾಗಿಸಿಕೊಂಡು ಪರಸ್ಪರ ಹತ್ತಿರವಾಗುವ ಬಗೆಯೇ ಅದರ ವಸ್ತು. ಗುಂಪನ್ನು ಹೊರಗೆ ನಿಂತು ಗಮನಿಸುವ ಈ ದೃಷ್ಟಿ ತಂದೆಯ ಅಧ್ಯಯನ ಕ್ಷೇತ್ರಕ್ಕೆ ಸಮೀಪವಾಗಿರುವುದನ್ನು ಗಮನಿಸಬೇಕು. ಮರುವರ್ಷ, 1981ರಲ್ಲಿ, ಥರ್ಸ್ಟನ್ ಮೂರ್ ಮತ್ತು ಲೀ ರನಾಲ್ಡೊ ಅವರೊಂದಿಗೆ 'ಸೋನಿಕ್ ಯೂತ್' ರೂಪುಗೊಂಡಿತು. ಹೊರಗಿನಿಂದ ಕಂಡ ಗುಂಪಿನ ಒಳಗೇ ಗಾರ್ಡನ್ ಹೋಗಿ ನಿಂತರು. ಮುಂದಿನ ಬದುಕಿನ ಬಾಗಿಲನ್ನು ತೆರೆದದ್ದು ಆ ಲೇಖನವೆಂದು ಅವರೇ ತಮ್ಮ ಆತ್ಮಕಥನದಲ್ಲಿ ಗುರುತಿಸಿದ್ದಾರೆ.

ಜನಪ್ರಿಯ ರಾಕ್ ಸಂಗೀತದ ಸಿದ್ಧ ಚೌಕಟ್ಟನ್ನು ಒಲ್ಲದೆ ಸಣ್ಣ ಧ್ವನಿಮುದ್ರಣ ಸಂಸ್ಥೆಗಳ ಆಶ್ರಯದಲ್ಲಿ ಬೆಳೆದ ಧಾರೆಯನ್ನು 'ಆಲ್ಟರ್ನೇಟಿವ್ ರಾಕ್' ಎನ್ನುತ್ತಾರೆ. ಗಿಟಾರಿನ ತಂತಿಗಳನ್ನು ವಾಡಿಕೆಗೆ ಹೊರತಾದ ಶ್ರುತಿಗಳಲ್ಲಿ ಕಟ್ಟಿ, ಕರ್ಕಶ ನಾದವನ್ನೂ ಸಂಗೀತದ ಅಂಗವಾಗಿಸಿಕೊಂಡ 'ಸೋನಿಕ್ ಯೂತ್' ಈ ಧಾರೆಯ ಮುಖ್ಯ ತಂಡಗಳಲ್ಲೊಂದು. ಅದರ 1988ರ 'ಡೇಡ್ರೀಮ್ ನೇಷನ್' ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಗೆ ಸೇರಿದೆ. ತಂಡದ ಮಂದ್ರಸ್ಥಾಯಿಯನ್ನು ಹಿಡಿದಿದ್ದ ಈ ವರ್ಷಗಳಲ್ಲಿಯೂ ಗಾರ್ಡನ್ ಬರವಣಿಗೆಯನ್ನು ಬಿಡಲಿಲ್ಲ. 1983ರಲ್ಲಿ 'ಆರ್ಟ್‌ಫೋರಂ' ಪತ್ರಿಕೆಗೆ ಬರೆದ ಪ್ರಬಂಧದಲ್ಲಿ, ವೇದಿಕೆಯ ಮೇಲಿರುವವರ ಆತ್ಮವಿಶ್ವಾಸವೇ ಪ್ರೇಕ್ಷಕರು ಬೆಲೆ ತೆತ್ತು ಪಡೆಯುವ ವಸ್ತುವೆಂಬ ವಿಚಾರವನ್ನು ಮಂಡಿಸಿದರು. 1988ರಲ್ಲಿ 'ವಿಲೇಜ್ ವಾಯ್ಸ್' ಅವರ ಪ್ರವಾಸದ ದಿನಚರಿಯನ್ನು ಪ್ರಕಟಿಸಿತು. 1989ರಲ್ಲಿ 'ಸ್ಪಿನ್' ಪತ್ರಿಕೆಗಾಗಿ ರ‍್ಯಾಪ್ ಗಾಯಕ ಎಲ್ಎಲ್ ಕೂಲ್ ಜೆ ಅವರನ್ನು ಸಂದರ್ಶಿಸಿದರು. ಇಬ್ಬರ ಲೋಕಗಳ ನಡುವಿನ ಅಂತರವನ್ನು ತೋರಿಸಿಕೊಟ್ಟ ಆ ಸಂದರ್ಶನವೇ 1990ರ 'ಗೂ' ಸಂಕಲನದ 'ಕೂಲ್ ಥಿಂಗ್' ಹಾಡಿಗೆ ಮೂಲವಾಯಿತು. ಹಾಡಿನಲ್ಲಿ ವಿಡಂಬನೆಗೆ ಗುರಿಯಾಗುವವರಲ್ಲಿ ಸಂದರ್ಶಕಿಯೂ ಒಬ್ಬರು. ಇಲ್ಲಿಯೂ ಗದ್ಯ ಮೊದಲು, ಹಾಡು ಆಮೇಲೆ.

2015ರಲ್ಲಿ ಪ್ರಕಟವಾದ 'ಗರ್ಲ್ ಇನ್ ಎ ಬ್ಯಾಂಡ್' ಆತ್ಮಕಥನವನ್ನು ಈ ಹಿನ್ನೆಲೆಯಲ್ಲಿ ಓದಬೇಕಾಗುತ್ತದೆ. ತಂಡದಲ್ಲಿ ಹೆಣ್ಣಾಗಿರುವುದು ಹೇಗೆನಿಸುತ್ತದೆ ಎಂದು ಪತ್ರಕರ್ತರು ಅವರನ್ನು ಮತ್ತೆ ಮತ್ತೆ ಕೇಳುತ್ತಿದ್ದ ಪ್ರಶ್ನೆಯಿಂದಲೇ ಶೀರ್ಷಿಕೆ ಬಂದಿದೆ. ತಮ್ಮ ಮೇಲೆ ಹೇರಲಾದ ಗುರುತನ್ನು ಹೊದಿಕೆಯ ಮೇಲೇ ಇಟ್ಟು, ಒಳಗಿನ ಪುಟಗಳಲ್ಲಿ ಅದನ್ನು ಬಿಚ್ಚುತ್ತ ಹೋಗುವುದು ಲೇಖಕಿ ಅನುಸರಿಸಿರುವ ತಂತ್ರ. ಕೃತಿ ಬಾಲ್ಯದಿಂದ ಆರಂಭವಾಗುವುದಿಲ್ಲ. 2011ರ ನವೆಂಬರ್‌ನಲ್ಲಿ ಬ್ರೆಜಿಲ್‌ನಲ್ಲಿ ನಡೆದ ತಂಡದ ಕೊನೆಯ ಕಛೇರಿಯಿಂದ ಆರಂಭವಾಗುತ್ತದೆ. ಮೂರ್ ಅವರೊಂದಿಗಿನ 1984ರ ವಿವಾಹ ಆ ವೇಳೆಗೆ ಮುರಿದಿತ್ತು. ಕೃತಿಯ ಸ್ವಾಗತದಲ್ಲಿ ಈ ವಿಚ್ಛೇದನವೇ ಎದ್ದು ಕಂಡಿತು. ಆದರೆ ಆ ಮೊದಲ ಅಧ್ಯಾಯದ ಗಮನವಿರುವುದು ದಾಂಪತ್ಯದ ದುಃಖಕ್ಕಿಂತ ಹೆಚ್ಚಾಗಿ, ಒಡೆದ ಸಂಬಂಧವನ್ನು ಸಾವಿರಾರು ಜನರೆದುರು ಪ್ರದರ್ಶನವಾಗಿ ನಡೆಸಬೇಕಾದ ಸ್ಥಿತಿಯ ಮೇಲೆ. 1980ರಲ್ಲಿ ಇತರರನ್ನು ನೋಡಿದ್ದ ಕಣ್ಣು ಇಲ್ಲಿ ತನ್ನನ್ನೇ ನೋಡಿಕೊಳ್ಳುತ್ತಿದೆ. ಮಾನಸಿಕ ಅಸ್ವಸ್ಥತೆಗೆ ತುತ್ತಾದ ಅಣ್ಣನೊಂದಿಗಿನ ಬಾಲ್ಯವನ್ನು ವಿವರಿಸುವ ಭಾಗಗಳಲ್ಲಿಯೂ ಲೇಖಕಿ ಕೇಳಿಕೊಳ್ಳುವುದು ತಮ್ಮ ಮೌನ ಹೇಗೆ ರೂಪುಗೊಂಡಿತು ಎಂಬ ಪ್ರಶ್ನೆಯನ್ನು.

ಖ್ಯಾತಿಯ ನೆರವಿಲ್ಲದಿದ್ದರೆ ಈ ಬರಹಗಳು ಪುಸ್ತಕರೂಪಕ್ಕೆ ಬರುತ್ತಿದ್ದವೇ ಎಂಬ ಆಕ್ಷೇಪ ಸಹಜವಾದದ್ದು. ಅವರ ಆಯ್ದ ಬರಹಗಳ 'ಈಸ್ ಇಟ್ ಮೈ ಬಾಡಿ?' ಸಂಕಲನ 2014ರಲ್ಲಿ, ಅಂದರೆ ಮೊದಲ ಲೇಖನಗಳು ಬಂದು ಮೂರು ದಶಕಗಳಾದ ಮೇಲೆ ಹೊರಬಂದಿತೆಂಬುದು ಆಕ್ಷೇಪಕ್ಕೆ ಬಲ ಕೊಡುವಂತಿದೆ. ಆದರೆ ಪ್ರಕಟಣೆಯ ಕಾರಣವೇ ಬೇರೆ, ಬರಹದ ಕಾರಣವೇ ಬೇರೆ. ಖ್ಯಾತಿ ಪುಸ್ತಕಕ್ಕೆ ಓದುಗರನ್ನು ಒದಗಿಸಬಲ್ಲದು. ಖ್ಯಾತಿಗೂ ಹಿಂದಿನ ಬರಹಕ್ಕೆ ನೋಟವನ್ನು ಒದಗಿಸಲಾರದು. ತಂಡ ಚದುರಿದ ಮೇಲೂ ಗಾರ್ಡನ್ ಎರಡನ್ನೂ ಮುಂದುವರಿಸಿದ್ದಾರೆ. 2019ರಲ್ಲಿ 'ನೋ ಹೋಮ್ ರೆಕಾರ್ಡ್', 2024ರಲ್ಲಿ 'ದಿ ಕಲೆಕ್ಟಿವ್' ಎಂಬ ಸಂಗೀತ ಸಂಕಲನಗಳು ಬಂದವು. ಇವುಗಳ ನಡುವೆ, 2022ರಲ್ಲಿ, ಐರಿಷ್ ಲೇಖಕಿ ಶಿನೇಡ್ ಗ್ಲೀಸನ್ ಅವರೊಡನೆ ಸಂಗೀತವನ್ನು ಕುರಿತ ಮಹಿಳೆಯರ ಪ್ರಬಂಧಗಳನ್ನು ಸಂಪಾದಿಸಿದರು.

ಕಲಾವಿದರ ಆತ್ಮಕಥನವನ್ನು ಅಧ್ಯಯನಕ್ಕೆ ಎತ್ತಿಕೊಳ್ಳುವವರು ಅದನ್ನು ಬಹುಮಟ್ಟಿಗೆ ಕಲೆಯ ಚರಿತ್ರೆಗೆ ಆಕರವಾಗಿ ಬಳಸುತ್ತಾರೆ. ಘಟನೆಗಳನ್ನು ಹೆಕ್ಕಿಕೊಂಡು ಗದ್ಯವನ್ನು ಅಲ್ಲೇ ಬಿಡುತ್ತಾರೆ. ಹೆಣ್ಣಿನ ಕೃತಿಯಾದರಂತೂ ಹೆಕ್ಕಿಕೊಳ್ಳುವುದು ಅವಳ ದಾಂಪತ್ಯದ ವಿವರಗಳನ್ನೇ. ಏನು ನಡೆಯಿತು ಎಂಬುದರ ಜೊತೆಗೆ, ನಡೆದದ್ದನ್ನು ನೋಡಿದ ಕಣ್ಣು ಎಲ್ಲಿ, ಯಾವಾಗ ರೂಪುಗೊಂಡಿತು ಎಂದು ಕೇಳುವ ಓದು ಬೇಕು. ಗಾರ್ಡನ್ ಅವರ ವಿಷಯದಲ್ಲಿ ಆ ಪ್ರಶ್ನೆಗೆ ಉತ್ತರ 2015ರ ಆತ್ಮಕಥನದಲ್ಲಿಲ್ಲ, 1980ರ ಒಂದು ಸಣ್ಣ ಪತ್ರಿಕೆಯ ಪುಟಗಳಲ್ಲಿದೆ.