ಕಸದ ಶುಲ್ಕವೂ ಕಸದ ಗತಿಯೂ

ಬೆಂಗಳೂರಿನ ಗೃಹಸ್ಥರು 2025ರ ಏಪ್ರಿಲ್ ತಿಂಗಳಿನಿಂದ ಮನೆಯ ತೆರಿಗೆಯೊಡನೆ ಕಸದ ಶುಲ್ಕವನ್ನೂ ಸಲ್ಲಿಸತಕ್ಕವರಾದರು. 600 ಚದರಡಿಯನ್ನು ಮೀರದ ಮನೆಗೆ ತಿಂಗಳಿಗೆ 10 ರೂಪಾಯಿ. 4,000 ಚದರಡಿಯನ್ನು ಮೀರಿದ ಮನೆಗೆ 400 ರೂಪಾಯಿ. ಈ ಕುರಿತು ಎದ್ದ ಕೂಗಿಗೆ ನಾವು ದನಿಗೂಡಿಸಲಾರೆವು. ದಿನದಿನವೂ ಬಾಗಿಲಿಗೆ ಬಂದು ಕಸವನ್ನು ಕೊಂಡೊಯ್ಯುವ ಕಾರ್ಯವು ಹಣವಿಲ್ಲದೆ ನಡೆಯಲಾರದೆಂಬುದನ್ನು ಬಲ್ಲೆವು. ನಮ್ಮ ಆಕ್ಷೇಪಣೆಯೇ ಬೇರೆ. ಈ ಶುಲ್ಕವು ಕಟ್ಟಡದ ಅಳತೆಯನ್ನು ನೋಡುತ್ತದೆಯೇ ಹೊರತು ಒಳಗಿರುವವರ ನಡತೆಯನ್ನು ನೋಡುವುದಿಲ್ಲ. ಹಸಿ ಕಸವನ್ನೂ ಒಣ ಕಸವನ್ನೂ ನಿಷ್ಠೆಯಿಂದ ಬೇರ್ಪಡಿಸುವ ಗೃಹಿಣಿಯೂ, ಎಲ್ಲವನ್ನೂ ಒಂದೇ ಚೀಲದಲ್ಲಿ ಗಂಟುಕಟ್ಟಿ ನಸುಕಿನಲ್ಲಿ ಬೀದಿಯ ಮೂಲೆಗೆಸೆಯುವ ಮಹಾಶಯನೂ ಒಂದೇ ದರವನ್ನು ತೆರಬೇಕಾಗಿದೆ.

ಶಾಸನಗಳಿಗೇನೂ ಕೊರತೆಯಿಲ್ಲ. ಮೂಲದಲ್ಲಿಯೇ ಕಸವನ್ನು ವಿಂಗಡಿಸತಕ್ಕದ್ದೆಂದು 2012ರ ಅಕ್ಟೋಬರ್ 1ರಿಂದ ಮಹಾನಗರಪಾಲಿಕೆಯು ಕಡ್ಡಾಯಮಾಡಿತು. ಹಸಿ ಕಸಕ್ಕೆ ಹಸಿರು ಬುಟ್ಟಿ, ಶೌಚಸಂಬಂಧದ ಕಸಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೊಂದು ಚೀಲ ಎಂಬ ಕ್ರಮವನ್ನು 2015ರ ಡಿಸೆಂಬರಿನಲ್ಲಿ ಉಚ್ಚ ನ್ಯಾಯಾಲಯವು ವಿಧಿಸಿತು. 2016ರಲ್ಲಿ ಕೇಂದ್ರ ಸರಕಾರದ ನಿಯಮಗಳಾದವು. ಅವುಗಳ ಸ್ಥಾನದಲ್ಲಿ, 2026ರ ಏಪ್ರಿಲ್ 1ನ್ನು ಜಾರಿಯ ದಿನವಾಗಿ ಗೊತ್ತುಮಾಡಿ, ಕಸವನ್ನು ನಾಲ್ಕು ಬಗೆಯಾಗಿ ವಿಂಗಡಿಸಬೇಕೆಂಬ ಹೊಸ ನಿಯಮಗಳು ಹೊರಟಿವೆ. ಎರಡನ್ನೇ ಬೇರೆಯಾಗಿರಿಸಲಾರದ ಊರು ನಾಲ್ಕನ್ನು ಹೇಗೆ ಇರಿಸೀತು?

ಈ ಉಪೇಕ್ಷೆಯ ಫಲವನ್ನು ಉಂಡವರು ನಗರದವರಲ್ಲ. ಯಲಹಂಕದಾಚೆಯ ಮಾವಳ್ಳಿಪುರದ ಜನರು ತಮ್ಮ ನೀರೂ ಗಾಳಿಯೂ ಕೆಟ್ಟುವೆಂದು ವರ್ಷಗಟ್ಟಲೆ ಮೊರೆಯಿಟ್ಟ ತರುವಾಯವೇ 2012ರಲ್ಲಿ ಅಲ್ಲಿನ ಕಸದ ರಾಶಿಗೆ ತಡೆಯಾದದ್ದು. ಆಗ ನಗರದ ಬೀದಿಗಳಲ್ಲಿ ಕಸವು ಕೊಳೆತು ನಾರಿತು. ಉದ್ಯಾನನಗರಿಯೆಂಬ ಬಿರುದು ಪರದೇಶದ ಪತ್ರಿಕೆಗಳಲ್ಲಿಯೂ ನಗೆಪಾಟಲಾಯಿತು. ಹಾಗಿದ್ದೂ ಲಾರಿಗಳು ಮಾಡಿದ್ದೇನು? ಮಂಡೂರಿಗೆ ತಿರುಗಿದವು. ಆ ಹಳ್ಳಿಯವರು 2014ರಲ್ಲಿ ರಸ್ತೆಗಿಳಿದು, ಆ ವರ್ಷದ ಡಿಸೆಂಬರಿನಿಂದ ಅದನ್ನೂ ನಿಲ್ಲಿಸಿದರು. ತರುವಾಯ ಬೇರೆ ಹಳ್ಳಿಗಳ ಸರದಿ ಬಂದಿತು. ತನ್ನ ಅಂಗಳದ ಕಸವನ್ನು ನೆರೆಯವನ ಅಂಗಳಕ್ಕೆ ಗುಡಿಸುವವನನ್ನು ಊರು ಛೀಮಾರಿಹಾಕುತ್ತದೆ. ಒಂದು ರಾಜಧಾನಿಯು ಅದನ್ನೇ ಮಾಡಿದಾಗ ಮಾತ್ರ ಅದಕ್ಕೆ ಯೋಜನೆಯೆಂದು ಹೆಸರು.

ಬೆಲೆಯುಳ್ಳ ವಸ್ತುವನ್ನು ಬೇರ್ಪಡಿಸುವುದಕ್ಕೆ ನಮ್ಮ ಮನೆಗಳಲ್ಲಿ ಯಾವ ಶಾಸನವೂ ಬೇಕಾಗಿರಲಿಲ್ಲ. ಹಳೆಯ ಪತ್ರಿಕೆಗಳನ್ನು ಮಡಿಸಿಟ್ಟು ರದ್ದಿಯವನ ತಕ್ಕಡಿಗೆ ಹಾಕುವ ಅಭ್ಯಾಸವು ಪುರಾತನವಾದುದು. ನಮ್ಮ ಸಂಪಾದಕೀಯಗಳಿಗೆ ಅಲ್ಲಿಯಾದರೂ ತೂಕವುಂಟೆಂಬುದು ನಮಗೊಂದು ಸಮಾಧಾನ. ಆದರೆ ಅದೇ ಕಾಗದದ ಮೇಲೆ ಒಂದು ಸೌಟು ಸಾರು ಚೆಲ್ಲಿತೆಂದರೆ ಅದನ್ನು ಕೊಳ್ಳುವವರಿಲ್ಲ. ವಾರ್ಡಿನ ಒಣ ಕಸ ಸಂಗ್ರಹ ಕೇಂದ್ರಗಳಲ್ಲಿ, ಹಿಂದೆ ಬೀದಿಯಲ್ಲಿ ಚಿಂದಿ ಆಯುತ್ತಿದ್ದವರೇ ಅನೇಕರು ದುಡಿಯುತ್ತಿದ್ದಾರೆ. ಬೆರೆತ ಕಸವು ಅವರ ಅನ್ನವನ್ನೇ ಕಸಿಯುತ್ತದೆ. ಹಸಿ ಕಸದ ಪಾಡೂ ಇದೇ. ನಗರದ ಕಸದಿಂದ ಗೊಬ್ಬರ ಮಾಡಿ ರೈತರಿಗೆ ಒದಗಿಸಬೇಕೆಂದು 1975ರಲ್ಲಿಯೇ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮವು ಸ್ಥಾಪಿತವಾಗಿತ್ತು. ಆದರೆ ಗಾಜಿನ ಚೂರೂ ಪ್ಲಾಸ್ಟಿಕ್ಕೂ ಸೇರಿದ ಗೊಬ್ಬರವನ್ನು ಯಾವ ಒಕ್ಕಲಿಗನು ತನ್ನ ಹೊಲಕ್ಕೆ ಹಾಕಿಕೊಂಡಾನು?

ತಪ್ಪೆಲ್ಲವೂ ಗೃಹಸ್ಥನದೇ ಎಂದು ಹೇಳುವುದು ಅನ್ಯಾಯ. ಬೇರ್ಪಡಿಸಿ ಕೊಟ್ಟ ಕಸವನ್ನು ತನ್ನ ಕಣ್ಣೆದುರಿಗೇ ಒಂದೇ ಗಾಡಿಯಲ್ಲಿ ಒಟ್ಟಿಗೆ ಸುರಿದದ್ದನ್ನು ಕಂಡವಳು ಮರುದಿನ ಎರಡು ಬುಟ್ಟಿಗಳನ್ನೇಕೆ ತೊಳೆದಾಳು? ಇದನ್ನು ನಾವು ನಮ್ಮ ಬೀದಿಯಲ್ಲಿಯೇ ಕಂಡಿದ್ದೇವೆ. ಗಾಡಿಯ ಕೆಲಸಗಾರರನ್ನು ದೂರಿ ಫಲವಿಲ್ಲ. ಬೆರೆತ ಕಸವನ್ನು ನಿರಾಕರಿಸುವ ಅಧಿಕಾರವನ್ನು ಅವರಿಗೆ ನಿಜವಾಗಿ ಕೊಟ್ಟವರಾರು? ನಿರಾಕರಿಸಿದಾಗ ಬೈಗುಳ ತಿಂದವರ ಬೆನ್ನಿಗೆ ನಿಂತ ಮೇಲಧಿಕಾರಿಗಳೆಷ್ಟು ಮಂದಿ?

2025ರ ಅಕ್ಟೋಬರಿನಲ್ಲಿ, ಬೀದಿಯಲ್ಲಿ ಕಸವೆಸೆದವರ ಮನೆಯ ಬಾಗಿಲಿಗೇ ಕಸವನ್ನು ತಂದು ಸುರಿಯುವ 'ಹಬ್ಬ'ವನ್ನು ಆಡಳಿತದವರು ಆಚರಿಸಿದರು. ನೋಡಿದವರಿಗೆ ವಿನೋದವಾಯಿತು, ಕೆಲವರಿಗೆ ನಾಚಿಕೆಯೂ ಆಗಿರಬಹುದು. ಆದರೆ ವಿಂಗಡಿಸಿದ ಕಸವನ್ನು ಲಾರಿಯಲ್ಲಿ ಮತ್ತೆ ಬೆರೆಸಿದಾಗ ಅದನ್ನು ಯಾರ ಬಾಗಿಲಿಗೆ ಸುರಿಯತಕ್ಕದ್ದು?

2025ರ ಸೆಪ್ಟೆಂಬರಿನಲ್ಲಿ ನಗರವು ಐದು ಪಾಲಿಕೆಗಳಾಗಿ ಒಡೆಯಿತು. ಹೊಸ ಪಾಲಿಕೆಗಳ ಅಧಿಕಾರಿಗಳು ಎರಡು ಕೆಲಸಗಳನ್ನು ಮಾಡಲಿ. ಕಸವನ್ನು ವಿಂಗಡಿಸಿ ಕೊಡುವ, ಅಥವಾ ಹಿತ್ತಲಿನಲ್ಲಿಯೇ ಗೊಬ್ಬರ ಮಾಡಿಕೊಳ್ಳುವ ಮನೆಗೆ ಶುಲ್ಕದಲ್ಲಿ ಕಣ್ಣಿಗೆ ಕಾಣುವಷ್ಟು ಸೋಡಿ ಕೊಡಲಿ. ಶುಲ್ಕದ ಪ್ರತಿಯೊಂದು ರಸೀತಿಯ ಮೇಲೆ, ಆ ವಾರ್ಡಿನಿಂದ ಹಸಿ ಕಸವೆಷ್ಟು, ಒಣ ಕಸವೆಷ್ಟು, ಬೆರೆತು ಹಳ್ಳಿಯ ಗುಂಡಿಗೆ ಹೋದದ್ದೆಷ್ಟು ಎಂಬ ತೂಕದ ಲೆಕ್ಕವನ್ನು ಅಚ್ಚುಹಾಕಿಸಲಿ. ಹಣವನ್ನು ಲೆಕ್ಕಮಾಡಿ ತೆಗೆದುಕೊಂಡವರು ಕಸದ ಲೆಕ್ಕವನ್ನೂ ಒಪ್ಪಿಸುವವರೆಗೆ ನಾವು ಕೇಳುತ್ತಲೇ ಇರುವೆವು.