ಬಾಕಿ ವಸೂಲಿಗೆ ಪೊಲೀಸ್ ಠಾಣೆ ದಾರಿಯಲ್ಲ
ಸಿವಿಲ್ ಹೊಣೆ, ಕ್ರಿಮಿನಲ್ ಹೊಣೆ: ವರ್ತಕರು ಅರಿಯಬೇಕಾದ ಅಂತರ

ದಾವಣಗೆರೆಯ ಮಂಡಿಪೇಟೆ, ಚೌಕಿಪೇಟೆಗಳ ವ್ಯಾಪಾರವಾಗಲಿ, ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾಲದಿಂದ ಬೆಳೆದುಬಂದ ಸಣ್ಣ ಯಂತ್ರೋದ್ಯಮಗಳ ವಹಿವಾಟಾಗಲಿ, ಬಹುಮಟ್ಟಿಗೆ ನಡೆಯುವುದು ಉದ್ದರಿಯ ಮೇಲೆಯೇ. ಮೆಕ್ಕೆಜೋಳ, ಅಕ್ಕಿ, ಬಟ್ಟೆ, ಬಿಡಿಭಾಗ ಯಾವುದೇ ಇರಲಿ, ಸರಕು ಮೊದಲು ಹೋಗುತ್ತದೆ, ಹಣ ತಡವಾಗಿ ಬರುತ್ತದೆ. ಕೆಲವೊಮ್ಮೆ ಬರುವುದೇ ಇಲ್ಲ. ಆಗ ವರ್ತಕನ ಮನಸ್ಸಿನಲ್ಲಿ ಏಳುವ ಮೊದಲ ವಿಚಾರ "ಠಾಣೆಗೆ ಒಂದು ದೂರು ಕೊಟ್ಟರೆ ಹಣ ತಾನಾಗಿ ಬರುತ್ತದೆ" ಎಂಬುದು. ಈ ವಿಚಾರ ಕಾನೂನಿಗೆ ಸಮ್ಮತವಲ್ಲ. ಅದಕ್ಕಿಂತ ಮುಖ್ಯವಾಗಿ, ಹಣಕಾಸಿನ ದೃಷ್ಟಿಯಿಂದಲೂ ಅದು ನಷ್ಟದ ದಾರಿ.

ಎರಡು ಹೊಣೆಗಳ ಸ್ವರೂಪ

ಸಿವಿಲ್ ಹೊಣೆ ವ್ಯಕ್ತಿ ವ್ಯಕ್ತಿಗಳ ನಡುವಿನದು. ಒಪ್ಪಂದ ಮುರಿದವನು ಅದರಿಂದಾದ ನಷ್ಟವನ್ನು ತುಂಬಿಕೊಡಬೇಕೆಂಬುದು 1872ರ ಭಾರತೀಯ ಕರಾರು ಕಾಯಿದೆಯ 73ನೆಯ ಕಲಮಿನ ಸಾರ. ಹಾನಿಗೊಳಗಾದವನನ್ನು ಮೊದಲಿದ್ದ ಸ್ಥಿತಿಗೆ ತರುವುದು ಇದರ ಉದ್ದೇಶ. ಕ್ರಿಮಿನಲ್ ಹೊಣೆಯಲ್ಲಿ ಕೃತ್ಯವು ಸಮಾಜದ ವಿರುದ್ಧ ಎಸಗಿದ ಅಪರಾಧವೆಂದು ಪರಿಗಣಿತವಾಗುತ್ತದೆ. ಅಲ್ಲಿ ವಾದಿ ಸರಕಾರ, ಉದ್ದೇಶ ಶಿಕ್ಷೆ. ಸಿವಿಲ್ ದಾವೆಯಲ್ಲಿ ಯಾರ ವಾದ ಹೆಚ್ಚು ಸಂಭವನೀಯವೋ ಅವರಿಗೆ ಜಯ. ಕ್ರಿಮಿನಲ್ ಪ್ರಕರಣದಲ್ಲಿಯಾದರೋ ಸಕಾರಣವಾದ ಸಂದೇಹಕ್ಕೆ ಎಡೆಯಿಲ್ಲದಂತೆ ಅಪರಾಧ ಸಿದ್ಧವಾಗಬೇಕು.

ಒಂದೇ ಘಟನೆಯಿಂದ ಎರಡೂ ಹೊಣೆಗಳು ಹುಟ್ಟಬಹುದು. ಪಿ.ಬಿ. ರಸ್ತೆಯಲ್ಲಿ ಲಾರಿಯೊಂದು ಅಜಾಗರೂಕತೆಯಿಂದ ಪಾದಚಾರಿಗೆ ಬಡಿದರೆ ಚಾಲಕನ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಲಾಗುತ್ತದೆ. ನೊಂದವರ ಕುಟುಂಬ 1988ರ ಮೋಟಾರು ವಾಹನ ಕಾಯಿದೆಯಂತೆ ಮಾಲೀಕನಿಂದ, ಅರ್ಥಾತ್ ವಿಮಾ ಕಂಪನಿಯಿಂದ, ಪರಿಹಾರ ಪಡೆಯುತ್ತದೆ. ಪರಿಹಾರಕ್ಕೆ ವಿಮೆ ಉಂಟು, ಸೆರೆವಾಸಕ್ಕೆ ವಿಮೆ ಇಲ್ಲ.

ಪಾಲುದಾರಿಕೆ ಸಂಸ್ಥೆಗಳಲ್ಲಿ ಈ ಅಂತರ ಇನ್ನೂ ಸ್ಪಷ್ಟ. 1932ರ ಪಾಲುದಾರಿಕೆ ಕಾಯಿದೆಯಂತೆ ಸಂಸ್ಥೆಯ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರನೂ ಪೂರ್ಣವಾಗಿ ಹೊಣೆ. ವ್ಯವಹಾರದ ಗಂಧಗಾಳಿ ಇಲ್ಲದೆ ಪತ್ರಕ್ಕೆ ಸಹಿ ಮಾಡಿದ ಗೃಹಿಣಿಯೂ ಇದಕ್ಕೆ ಹೊರತಲ್ಲ. ಆದರೆ ಸಂಸ್ಥೆಯ ಚೆಕ್ ಅಮಾನ್ಯವಾದಾಗ, ವ್ಯವಹಾರದ ಉಸ್ತುವಾರಿ ಹೊತ್ತಿದ್ದವರು ಅಥವಾ ಅಪರಾಧದಲ್ಲಿ ಪಾತ್ರವಿದ್ದವರು ಮಾತ್ರ ಆರೋಪಿಗಳಾಗುತ್ತಾರೆ.

ಬಾಕಿ ಬೇರೆ, ವಂಚನೆ ಬೇರೆ

ಹರಿಹರದ ಗಿರಣಿಯೊಂದಕ್ಕೆ ಒಬ್ಬ ವರ್ತಕ ನೂರು ಚೀಲ ಭತ್ತವನ್ನು ಉದ್ದರಿಯಾಗಿ ಮಾರಿದನೆಂದು ಭಾವಿಸಬಹುದು. ಗಿರಣಿಯವರು ಹಣ ಕೊಡದಿದ್ದರೆ ಅದು ಸಾಲ. ಪರಿಹಾರ ಸಿವಿಲ್ ನ್ಯಾಯಾಲಯದಲ್ಲಿದೆ. ಅದೇ ಭತ್ತವನ್ನು ಅಕ್ಕಿ ಮಾಡಿಸಲೆಂದು ಮಾತ್ರ ಒಪ್ಪಿಸಿದ್ದು, ಗಿರಣಿಯವರು ಅದನ್ನು ಗುಟ್ಟಾಗಿ ಮಾರಿಕೊಂಡರೆ ಅದು ನಂಬಿಕೆದ್ರೋಹ, ಅಪರಾಧ. ಮೊದಲನೆಯ ಪ್ರಸಂಗದಲ್ಲಿ ಮಾರಾಟದೊಡನೆ ಸರಕಿನ ಒಡೆತನ ವರ್ಗವಾಗಿತ್ತು, ಎರಡನೆಯದರಲ್ಲಿ ಆಗಿರಲಿಲ್ಲ. ಇನ್ನು, ಹಣ ಕೊಡುವ ಉದ್ದೇಶ ಮೊದಲ ದಿನದಿಂದಲೇ ಇಲ್ಲದೆ, ಸುಳ್ಳು ವಿಳಾಸ ನೀಡಿ ಸರಕು ಒಯ್ದಿದ್ದರೆ ಅದು ವಂಚನೆ. ವ್ಯವಹಾರದ ಆರಂಭದಲ್ಲಿಯೇ ದುರುದ್ದೇಶವಿತ್ತೇ ಎಂಬುದು ಇಲ್ಲಿ ನಿರ್ಣಾಯಕ. ತರುವಾಯ ಮಾರುಕಟ್ಟೆ ಕುಸಿದು ಕೈ ಬರಿದಾದವನು ವಂಚಕನಾಗುವುದಿಲ್ಲ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ನಂಬಿಕೆದ್ರೋಹಕ್ಕೆ 316ನೆಯ ಕಲಂ, ವಂಚನೆಗೆ 318ನೆಯ ಕಲಂ ಇವೆ. ಸಂಖ್ಯೆ ಬದಲಾದರೂ ತತ್ವ ಬದಲಾಗಿಲ್ಲ. ಶುದ್ಧ ಸಿವಿಲ್ ವ್ಯಾಜ್ಯಗಳಿಗೆ ಕ್ರಿಮಿನಲ್ ರೂಪ ಕೊಡುವ ಪ್ರವೃತ್ತಿ ವ್ಯಾಪಾರಿ ವಲಯದಲ್ಲಿ ಹೆಚ್ಚುತ್ತಿದೆಯೆಂದು ಸುಪ್ರೀಂ ಕೋರ್ಟ್ 2006ರಲ್ಲಿ ಇಂಡಿಯನ್ ಆಯಿಲ್ ಕಾರ್ಪೊರೇಷನ್ ಪ್ರಕರಣದಲ್ಲಿಯೇ ಎಚ್ಚರಿಸಿತ್ತು. ಸರಕು ಮಾರಿದ ಬಾಕಿಗೆ ನಂಬಿಕೆದ್ರೋಹದ ಆರೋಪ ಹೊರಿಸಲಾಗದೆಂದು 2024ರ ಡೆಲ್ಲಿ ರೇಸ್ ಕ್ಲಬ್ ಪ್ರಕರಣದಲ್ಲಿ ಮತ್ತೆ ಸ್ಪಷ್ಟಪಡಿಸಿತು.

ಚೆಕ್ಕಿನ ವಿಶೇಷ ಸ್ಥಾನ

ಇವೆರಡರ ನಡುವೆ ನಿಂತಿರುವುದು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 138ನೆಯ ಕಲಂ. 1988ರ ತಿದ್ದುಪಡಿಯಿಂದ ಸೇರ್ಪಡೆಯಾಗಿ 1989ರ ಏಪ್ರಿಲ್ 1ರಂದು ಜಾರಿಗೆ ಬಂದ ಈ ಕಲಂ, ಸಾಲ ತೀರಿಸಲು ಕೊಟ್ಟ ಚೆಕ್ ಹಣವಿಲ್ಲದೆ ಹಿಂದಿರುಗುವುದನ್ನು ಅಪರಾಧವಾಗಿಸಿತು. ಇದಕ್ಕೆ 2 ವರ್ಷಗಳವರೆಗೆ ಸೆರೆವಾಸ, ಚೆಕ್ ಮೊತ್ತದ ಎರಡರಷ್ಟರವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಆದರೆ ವಾಯಿದೆಗಳು ಬಿಗಿಯಾಗಿವೆ. ಚೆಕ್ಕನ್ನು ಅದರ ತಾರೀಖಿನಿಂದ 3 ತಿಂಗಳೊಳಗೆ ಹಾಜರುಪಡಿಸಬೇಕು. ಬ್ಯಾಂಕಿನ ತಿಳಿವಳಿಕೆ ಬಂದ 30 ದಿನಗಳೊಳಗೆ ನೋಟೀಸು ಕೊಡಬೇಕು. ನೋಟೀಸು ತಲುಪಿದ 15 ದಿನಗಳಲ್ಲಿ ಹಣ ಬಾರದಿದ್ದರೆ ನಂತರದ ಒಂದು ತಿಂಗಳೊಳಗೆ ನ್ಯಾಯಾಲಯಕ್ಕೆ ದೂರು ಸಲ್ಲಿಸಬೇಕು. ಈ ದೂರು ಸಲ್ಲಬೇಕಾದುದು ಮ್ಯಾಜಿಸ್ಟ್ರೇಟರಿಗೇ ಹೊರತು ಠಾಣೆಗಲ್ಲ.

ಈ ಕಲಮಿನ ವ್ಯಾಖ್ಯಾನದಲ್ಲಿ ಮೈಲಿಗಲ್ಲಾದ ತೀರ್ಪೊಂದರ ಮೂಲ ಹರಿಹರದಿಂದ ತುಂಗಭದ್ರೆಯಾಚೆ, ರಾಣೆಬೆನ್ನೂರಿನಲ್ಲಿ ನಿರ್ಮಾಣವಾದ ಮನೆಯೊಂದರಲ್ಲಿದೆ. ಕಟ್ಟಡದ ಉಸ್ತುವಾರಿ ನೋಡಿಕೊಂಡ ಎಂಜಿನಿಯರರು 45,000 ರೂಪಾಯಿಯ ಕೈಸಾಲ ಕೊಟ್ಟಿದ್ದೇನೆಂದರು. ಮನೆಯ ಮಾಲೀಕರು ಚೆಕ್ ಕಳೆದುಹೋಗಿತ್ತೆಂದರು. ಕೆಳ ನ್ಯಾಯಾಲಯ ಆರೋಪಿಯನ್ನು ಬಿಡುಗಡೆ ಮಾಡಿತು, ಕರ್ನಾಟಕ ಹೈಕೋರ್ಟ್ ಶಿಕ್ಷಿಸಿತು, ಸುಪ್ರೀಂ ಕೋರ್ಟ್ 2010ರ ಮೇ ತಿಂಗಳಲ್ಲಿ ಆ ಶಿಕ್ಷೆಯನ್ನು ಎತ್ತಿಹಿಡಿಯಿತು. ಚೆಕ್ಕಿನ ಸಹಿ ಒಪ್ಪಿದ ಮೇಲೆ ಸಾಲವಿತ್ತೆಂದೇ ಕಾನೂನು ಭಾವಿಸುತ್ತದೆ. ಅದನ್ನು ಅಲ್ಲಗಳೆಯುವ ಭಾರ ಆರೋಪಿಯದು. ಆದರೆ ಸಂಭವನೀಯವಾದ ಸಮರ್ಥನೆಯಷ್ಟೇ ಅವನಿಗೆ ಸಾಕು. ಚೆಕ್ ಅಮಾನ್ಯವಾಗುವುದು ಬಹುಮಟ್ಟಿಗೆ ಸಿವಿಲ್ ಸ್ವರೂಪದ ತಪ್ಪೆಂದೂ ಆ ತೀರ್ಪು ಹೇಳಿತು. 45,000 ರೂಪಾಯಿಯ ವಾದ 2001ರ ತಾರೀಖಿನ ಚೆಕ್ಕಿನಿಂದ ಆರಂಭವಾಗಿ ಮುಗಿದುದು 2010ರಲ್ಲಿ ಎಂಬುದನ್ನು ಪ್ರತಿಯೊಬ್ಬ ವರ್ತಕನೂ ನೆನಪಿನಲ್ಲಿಡಬೇಕು. ಖಾಲಿ ಚೆಕ್ಕಿಗೆ ಸಹಿ ಮಾಡಿ ಕೊಡುವ ರೂಢಿ ಎಷ್ಟು ಅಪಾಯಕರವೆಂಬುದೂ ಇದರಿಂದ ವೇದ್ಯ.

2018ರ ತಿದ್ದುಪಡಿಯ ನಂತರ ವಿಚಾರಣೆಯ ಹಂತದಲ್ಲಿಯೇ ಚೆಕ್ ಮೊತ್ತದ ಶೇ. 20ರವರೆಗೆ ಮಧ್ಯಂತರ ಪರಿಹಾರ ಕೊಡಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ಇದು ಸ್ವಾಗತಾರ್ಹ.

ಮೂರು ವರ್ಷಗಳ ಗಡುವು

ಠಾಣೆಯ ದಾರಿ ಹಿಡಿದವರು ಕಳೆದುಕೊಳ್ಳುವುದು ಮುಖ್ಯವಾಗಿ ಕಾಲವನ್ನು. 1963ರ ಕಾಲಮಿತಿ ಕಾಯಿದೆಯಂತೆ ಸರಕಿನ ಬಾಕಿಗೆ ದಾವೆ ಹೂಡಲು ಇರುವ ಅವಧಿ 3 ವರ್ಷ. ಕ್ರಿಮಿನಲ್ ದೂರಿನ ಹಿಂದೆ ಅಲೆದ ಕಾಲ ಈ ಲೆಕ್ಕದಿಂದ ಕಳೆಯಲ್ಪಡುವುದಿಲ್ಲ. ಆರೋಪಿ ಬಿಡುಗಡೆಯಾಗುವ ಹೊತ್ತಿಗೆ ದಾವೆಯ ಅವಧಿಯೂ ಮುಗಿದಿದ್ದರೆ, ನ್ಯಾಯವಾಗಿ ಬರಬೇಕಾದ ಹಣವನ್ನು ವಸೂಲು ಮಾಡುವ ಹಕ್ಕೇ ಕೈತಪ್ಪುತ್ತದೆ. ಆ ವರ್ತಕನಿಗೆ ಮಾಲು ಕೊಟ್ಟ ರೈತನಿಗೂ ಅದರ ಬಿಸಿ ತಟ್ಟದಿರದು.

ಇದಕ್ಕೆ ಸುಲಭವಾದ ಪರಿಹಾರ ಲೆಕ್ಕಪತ್ರದಲ್ಲಿಯೇ ಇದೆ. ಪ್ರತಿ ಮಾರ್ಚ್ 31ಕ್ಕೆ ಗಿರಾಕಿಯಿಂದ ಬಾಕಿ ದೃಢೀಕರಣ ಪತ್ರಕ್ಕೆ ಸಹಿ ಪಡೆದರೆ, ಅವಧಿ ಮುಗಿಯುವ ಮುನ್ನ ಪಡೆದ ಆ ಸಹಿಯಿಂದ ಹೊಸದಾಗಿ 3 ವರ್ಷ ದೊರೆಯುತ್ತದೆ. ಬಿಲ್ಲಿನಲ್ಲಿ ಬಡ್ಡಿಯ ದರವನ್ನೂ ಪಾವತಿಯ ದಿನವನ್ನೂ ಮುದ್ರಿಸಬೇಕು. ಲಿಖಿತ ಕರಾರು ಅಥವಾ ಚೆಕ್ಕಿನ ಆಧಾರವಿದ್ದರೆ ಸಂಕ್ಷಿಪ್ತ ದಾವೆಗೆ ಅವಕಾಶವುಂಟು. 3 ಲಕ್ಷ ರೂಪಾಯಿ ಮತ್ತು ಮೇಲ್ಪಟ್ಟ ವಾಣಿಜ್ಯ ವ್ಯಾಜ್ಯಗಳಲ್ಲಿ, ತುರ್ತು ಪರಿಹಾರ ಕೋರದಿದ್ದರೆ, ಮೊದಲು ಮಧ್ಯಸ್ಥಿಕೆಗೆ ಹೋಗುವುದು ಕಡ್ಡಾಯ. ಆ ಕಾಲವನ್ನು ಕಾಲಮಿತಿಯ ಲೆಕ್ಕದಿಂದ ಬಿಡಲಾಗುತ್ತದೆ.

ಹರಿಹರದ ಕಿರು ಮತ್ತು ಸಣ್ಣ ಉತ್ಪಾದಕರಿಗೆ ಇನ್ನೂ ಬಲವಾದ ಅಸ್ತ್ರವಿದೆ. 2006ರ ಎಂ.ಎಸ್.ಎಂ.ಇ.ಡಿ. ಕಾಯಿದೆಯಂತೆ ಒಪ್ಪಂದದ ಅವಧಿ 45 ದಿನ ಮೀರುವಂತಿಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ ಸಲ್ಲುತ್ತದೆ. ಇದಕ್ಕೆ ಉದ್ಯಮ್ ನೋಂದಣಿ ಮೊದಲೇ ಆಗಿರಬೇಕು. ಕೊಂಡು ಮಾರುವ ವರ್ತಕರಿಗೆ ಈ ಸೌಲಭ್ಯ ಇಲ್ಲದಿರುವುದು ಒಂದು ಕೊರತೆ. ವಾಣಿಜ್ಯ ಸಂಘಗಳು ಸರಕಾರದ ಮುಂದೆ ಇದನ್ನು ಮಂಡಿಸಬೇಕು.

ಸಂಘದ ಕರ್ತವ್ಯ

ಸೋತು ನಿಂತ ಪ್ರಾಮಾಣಿಕ ಸಾಲಗಾರನನ್ನು ಸೆರೆಗೆ ತಳ್ಳುವುದು ನ್ಯಾಯವಲ್ಲವೆಂದು ಸುಪ್ರೀಂ ಕೋರ್ಟ್ 1980ರ ಬ್ಯಾಂಕ್ ಆಫ್ ಕೊಚ್ಚಿನ್ ಪ್ರಕರಣದಲ್ಲಿ ಹೇಳಿದೆ. ಹಣವಿದ್ದೂ ಕೊಡದವನಿಗೆ ಆ ರಕ್ಷಣೆಯಿಲ್ಲ. ಈ ವಿವೇಚನೆ ಮಾರುಕಟ್ಟೆಗೆ ಹೊಸದಲ್ಲ. ಹಿರಿಯ ವರ್ತಕರು ಎರಡೂ ಕಡೆಯವರನ್ನು ಕೂರಿಸಿ, ಖಾತೆ ಪುಸ್ತಕ ಬಿಚ್ಚಿಸಿ, ಕಂತು ಗೊತ್ತುಮಾಡುವುದು ಪೇಟೆಯ ಹಳೆಯ ಪದ್ಧತಿ. ಅದಕ್ಕೆ ಇಂದು ಕಾನೂನಿನ ಬೆಂಬಲವೂ ಇದೆ. ಸಂಘದಲ್ಲಿ ವರ್ತಕರು, ಲೆಕ್ಕಪರಿಶೋಧಕರು, ವಕೀಲರನ್ನೊಳಗೊಂಡ ಸಂಧಾನ ಸಮಿತಿ ರಚಿಸಿ, ಅಲ್ಲಿ ಕುದುರಿದ ರಾಜಿಯನ್ನು ಲೋಕ ಅದಾಲತ್ತಿನ ಮುಂದಿಟ್ಟರೆ, ಅಲ್ಲಿನ ತೀರ್ಮಾನಕ್ಕೆ ಸಿವಿಲ್ ಡಿಕ್ರಿಯ ಬಲವಿರುತ್ತದೆ. ಅದರ ಮೇಲೆ ಅಪೀಲೂ ಇಲ್ಲ.

ವಂಚಕನ ಮೇಲೆ ದೂರು ಕೊಡಲು ಹಿಂಜರಿಯಬೇಕಿಲ್ಲ. ಆದರೆ ಬಾಕಿದಾರನೆಲ್ಲ ವಂಚಕನಲ್ಲ. ಠಾಣೆಯ ಹೆದರಿಕೆಯಿಂದ ಒಂದು ಬಾರಿ ಹಣ ಬಂದೀತು, ಆದರೆ ಆ ಗಿರಾಕಿ ಮತ್ತೆ ಬಾರನು. ಉದ್ದರಿ ನಿಂತಿರುವುದು ನಂಬಿಕೆಯ ಮೇಲೆ. ಆ ನಂಬಿಕೆಯನ್ನು ಕಾಯುವುದು ಕಾಲಕ್ಕೆ ಸರಿಯಾಗಿ ಬರೆದಿಟ್ಟ ಕಾಗದ.